ಲೇಬಲ್‌ಗಳೆಲ್ಲ ಸರಿಯಿದ್ದರೂ ಅಂಧ ಪ್ರಯಾಣಿಕರಿಗೆ ನಮ್ಮ ಆಪ್‌ನಲ್ಲಿ ಟಿಕೆಟ್ ಮಾಡಲು ಆಗುತ್ತಿಲ್ಲ: ಏನು ಬಿಟ್ಟಿದ್ದೇವೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಆಪ್‌ನ ಆಂಡ್ರಾಯ್ಡ್ ಭಾಗವನ್ನು ನೋಡಿಕೊಳ್ಳುವ ಸಣ್ಣ ತಂಡದಲ್ಲಿ ನಾನಿದ್ದೇನೆ. ಕೆಲವು ತಿಂಗಳ ಹಿಂದೆ ಅಂಧ ಪ್ರಯಾಣಿಕರೊಬ್ಬರು ನಮಗೆ ಪತ್ರ ಬರೆದು, ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ, ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್) ಹಾಕಿಕೊಂಡು ನಿಮ್ಮ ಆಪ್ ತೆರೆದರೆ ಹೆಸರಿಲ್ಲದ ಬಟನ್‌ಗಳ ಸಾಲಷ್ಟೇ ಕೇಳಿಸುತ್ತದೆ ಎಂದು ತಿಳಿಸಿದ್ದರು. ತಪ್ಪು ನಮ್ಮದೇ ಎಂದು ಒಪ್ಪಿಕೊಂಡು, ಆಪ್‌ನಲ್ಲಿರುವ ಪ್ರತಿಯೊಂದು ಐಕಾನ್‌ಗೂ ಚಿತ್ರಕ್ಕೂ ಕಂಟೆಂಟ್ ಡಿಸ್ಕ್ರಿಪ್ಷನ್, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ಲೇಬಲ್, ಬರೆದೆವು. ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್‌ನಿಂದ ಪರದೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅದು ತೋರಿಸಿದ ಲೋಪಗಳನ್ನೆಲ್ಲ ತಿದ್ದಿದೆವು. ಈಗ ಸ್ಕ್ಯಾನರ್ ಒಂದು ಸಲಹೆಯನ್ನೂ ಕೊಡುವುದಿಲ್ಲ.

ಹೊಸ ಆವೃತ್ತಿ ಬಂದ ಮೇಲೆ ಅದೇ ಪ್ರಯಾಣಿಕರು ಮತ್ತೆ ಬರೆದಿದ್ದಾರೆ. ಬಟನ್‌ಗಳಿಗೆ ಹೆಸರು ಬಂದಿದೆ ಎಂದು ಸಂತೋಷಪಟ್ಟಿದ್ದಾರೆ. ಆದರೆ ಆಸನ ಆರಿಸುವ ಪುಟದಲ್ಲೇ ಇಪ್ಪತ್ತು ನಿಮಿಷ ಕಳೆಯಿತು, ಹೇಗೋ ಒಂದು ಆಸನ ಹಿಡಿದು ಪಾವತಿಗೆ ಹೋದರೆ ಅವಧಿ ಮುಗಿದು ಮೊದಲ ಪುಟಕ್ಕೇ ಬಂದು ನಿಂತೆ, ಕೊನೆಗೆ ಪಕ್ಕದ ಮನೆಯವರ ಕೈಗೆ ಫೋನ್ ಕೊಟ್ಟು ಟಿಕೆಟ್ ಮಾಡಿಸಿಕೊಂಡೆ ಎಂದಿದ್ದಾರೆ. ಯಾವ ಊರಿಗೆ ಹೋಗುತ್ತೇನೆ, ಯಾವಾಗ ಹೋಗುತ್ತೇನೆ ಎಂಬುದನ್ನು ಇನ್ನೊಬ್ಬರಿಗೆ ಹೇಳಬೇಕಾದ ಸ್ಥಿತಿ ತಪ್ಪಲಿ ಎಂದೇ ತಾವು ಫೋನ್ ಬಳಸಲು ಕಲಿತದ್ದು ಎಂಬ ಅವರ ಮಾತನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಆಸನದ ಪುಟದಲ್ಲಿ ನಲವತ್ತು ಆಸನಗಳ ನಕ್ಷೆಯಿದೆ. ಪ್ರತಿ ಆಸನವೂ ಒಂದು ಪ್ರತ್ಯೇಕ ಚಿತ್ರ. "ಆಸನ 1", "ಆಸನ 2" ಎಂದು ಪ್ರತಿಯೊಂದಕ್ಕೂ ಲೇಬಲ್ ಇದೆ. ಖಾಲಿ ಇದ್ದರೆ ಹಸಿರು, ಬೇರೆಯವರು ಕಾಯ್ದಿರಿಸಿದ್ದರೆ ಕೆಂಪು. ಆಸನ ಆರಿಸಿದ ಮೇಲೆ ಐದು ನಿಮಿಷದೊಳಗೆ ಹಣ ಪಾವತಿಸಬೇಕು. ನಾವು ಇನ್ನೇನು ಬಿಟ್ಟಿದ್ದೇವೆ? ಅಂಧರಿಗೆಂದೇ ಒಂದು ಪ್ರತ್ಯೇಕ, ಸರಳ ಆಪ್ ಮಾಡಿಬಿಡೋಣ ಎಂಬ ಸಲಹೆಯೂ ನಮ್ಮಲ್ಲಿ ಬಂದಿದೆ. ಅದು ಸರಿಯಾದ ದಾರಿಯೇ?

ಉತ್ತರ 1

ನಾನು ಹುಟ್ಟಿನಿಂದ ಅಂಧ. ಹಲವು ವರ್ಷಗಳಿಂದ ಸ್ಕ್ರೀನ್ ರೀಡರ್ ಬಳಸುತ್ತಿದ್ದೇನೆ, ಆಪ್‌ಗಳನ್ನು ಪರೀಕ್ಷಿಸುವುದು ನನ್ನ ವೃತ್ತಿ. ನಿಮ್ಮ ಪ್ರಯಾಣಿಕರ ಇಪ್ಪತ್ತು ನಿಮಿಷ ಎಲ್ಲಿ ಹೋಯಿತೆಂದು ನಿಮ್ಮ ವಿವರಣೆಯಿಂದಲೇ ನನಗೆ ಕಾಣುತ್ತಿದೆ.

ನಿಮಗೆ ಪರದೆ ಒಂದೇ ನೋಟಕ್ಕೆ ಇಡಿಯಾಗಿ ಸಿಗುತ್ತದೆ. ನನಗೆ ಅದು ಒಂದಾದ ಮೇಲೊಂದು ಬರುವ ಮಾತುಗಳ ಸಾಲು. ಬಲಕ್ಕೆ ಸ್ವೈಪ್ ಮಾಡಿದರೆ ಮುಂದಿನ ಅಂಶ, ಎಡಕ್ಕೆ ಮಾಡಿದರೆ ಹಿಂದಿನದು, ಡಬಲ್ ಟ್ಯಾಪ್ ಮಾಡಿದರೆ ಆಯ್ಕೆ. ಟಾಕ್‌ಬ್ಯಾಕ್‌ನಲ್ಲಿಯೂ ಐಫೋನಿನ ವಾಯ್ಸ್‌ಓವರ್‌ನಲ್ಲಿಯೂ ಮೂಲಕ್ರಮ ಇದೇ. ನಿಮ್ಮ ಆಸನದ ಪುಟದಲ್ಲಿ ನಾನು "ಆಸನ 1" ಎಂದು ಕೇಳುತ್ತೇನೆ, ಅದು ಖಾಲಿಯೋ ಅಲ್ಲವೋ ತಿಳಿಯುವುದಿಲ್ಲ, ಡಬಲ್ ಟ್ಯಾಪ್ ಮಾಡುತ್ತೇನೆ, ಏನೂ ಆಗುವುದಿಲ್ಲ. ಆಗದೆ ಇದ್ದದ್ದು ಆಸನ ಭರ್ತಿಯಾಗಿರುವುದರಿಂದಲೋ, ನನ್ನ ಟ್ಯಾಪ್ ತಪ್ಪಿದ್ದರಿಂದಲೋ, ಆಪ್ ಇನ್ನೂ ಯೋಚಿಸುತ್ತಿರುವುದರಿಂದಲೋ ನನಗೆ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಮಾಡುತ್ತೇನೆ. ಆಮೇಲೆ "ಆಸನ 2". ಹೀಗೆ ನಲವತ್ತು. ಲೇಬಲ್ ಇಲ್ಲದ ಬಟನ್ ಇದ್ದರೆ ಸ್ಕ್ಯಾನರ್ ಹಿಡಿಯುತ್ತದೆ. ಇರುವ ಲೇಬಲ್ ಆ ಹೊತ್ತಿಗೆ ಬೇಕಾದ ಸಂಗತಿಯನ್ನು ಹೇಳುತ್ತಿದೆಯೇ ಎಂದು ತೀರ್ಮಾನಿಸುವ ಶಕ್ತಿ ಅದಕ್ಕಿಲ್ಲ. ಸ್ಕ್ಯಾನರ್ ಮೌನವಾಗಿದೆ ಎಂದರೆ ಯಂತ್ರಕ್ಕೆ ಕಾಣುವ ತಪ್ಪುಗಳು ಮುಗಿದಿವೆ ಎಂದಷ್ಟೇ ಅರ್ಥ.

ನಾನು ಕೇಳಬಯಸುವುದು ಇಷ್ಟು: "12, ಕಿಟಕಿ ಪಕ್ಕ, ಖಾಲಿ ಇದೆ". ಆರಿಸಿದ ಕೂಡಲೇ "ಆರಿಸಲಾಗಿದೆ". ಭರ್ತಿಯಾದ ಆಸನವಾದರೆ "13, ಭರ್ತಿಯಾಗಿದೆ", ಮತ್ತು ಅದು ನಿಷ್ಕ್ರಿಯವಾಗಿದೆ ಎಂಬ ಸೂಚನೆ. ಪಕ್ಕದ ಆಸನ ಮಹಿಳೆಯರಿಗೆ ಮೀಸಲೆಂದು ನಿಮ್ಮ ನಕ್ಷೆ ಬಣ್ಣದಲ್ಲಿ ತೋರಿಸುತ್ತಿದ್ದರೆ ಅದೂ ಮಾತಿನಲ್ಲಿ ಬರಬೇಕು. ಕಣ್ಣಿದ್ದವರಿಗೆ ಆ ಚಿತ್ರ ಏನೆಲ್ಲ ತಿಳಿಸುತ್ತದೋ ಅದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಅದೇ ನಿಮ್ಮ ಲೇಬಲ್‌ನ ಕಚ್ಚಾ ಪ್ರತಿ.

ನಕ್ಷೆಯನ್ನು ಮಾತ್ರ ತೆಗೆಯಬೇಡಿ. ಸ್ವೈಪ್ ಮಾಡುವುದರ ಜೊತೆಗೆ, ಗಾಜಿನ ಮೇಲೆ ಬೆರಳಾಡಿಸಿ ಎಲ್ಲಿ ಏನಿದೆ ಎಂದು ಕೇಳಿಕೊಳ್ಳುವ ವಿಧಾನವೂ ನಮಗಿದೆ. ಬಸ್ಸಿನ ಮುಂಭಾಗ ಪರದೆಯ ಮೇಲ್ಗಡೆ, ಬಾಗಿಲು ಎಡಕ್ಕೆ ಎಂದು ಗೊತ್ತಾದರೆ ನಾನು ನೇರವಾಗಿ ಅಲ್ಲಿಗೆ ಬೆರಳಿಟ್ಟು ಆಸನ ಹುಡುಕಬಲ್ಲೆ. ಆದರೆ ಅದರ ಜೊತೆಗೆ ಖಾಲಿ ಆಸನಗಳನ್ನಷ್ಟೇ ತೋರಿಸುವ ಒಂದು ಪಟ್ಟಿಯನ್ನೂ ಕೊಡಿ. ಪುಟದ ಭಾಗಗಳಿಗೆ ಶೀರ್ಷಿಕೆಯ ಗುರುತು ಕೊಡಿ. "ಕೆಳಗಿನ ಸಾಲು", "ಮೇಲಿನ ಸಾಲು", "ಪ್ರಯಾಣಿಕರ ವಿವರ" ಎಂಬಂತೆ. ಹಾಗೆ ಮಾಡಿದರೆ ಸ್ಕ್ರೀನ್ ರೀಡರ್ ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ಅಕ್ಷರವನ್ನು ದಪ್ಪ ಮಾಡಿದ ಮಾತ್ರಕ್ಕೆ ಅದು ನಮಗೆ ಶೀರ್ಷಿಕೆಯಾಗುವುದಿಲ್ಲ.

ಪ್ರತ್ಯೇಕ ಆಪ್ ಬೇಡ, ದಯವಿಟ್ಟು ಬೇಡ. ಅಂಥವುಗಳನ್ನು ಬಳಸಿ ಸಾಕಾಗಿ ಈ ಮಾತು ಹೇಳುತ್ತಿದ್ದೇನೆ. ಮೊದಲ ಆವೃತ್ತಿ ಪ್ರೀತಿಯಿಂದ ಬರುತ್ತದೆ, ಆಮೇಲೆ ಮುಖ್ಯ ಆಪ್‌ಗೆ ರಿಯಾಯಿತಿ, ಟಿಕೆಟ್ ರದ್ದತಿ, ಬಸ್ಸಿನ ಜಾಡು ಎಲ್ಲವೂ ಸೇರುತ್ತಾ ಹೋಗುತ್ತವೆ, ಸರಳ ಆಪ್ ಇದ್ದಲ್ಲೇ ಉಳಿದು ಒಂದು ದಿನ ತೆರೆಯುವುದನ್ನೇ ನಿಲ್ಲಿಸುತ್ತದೆ. ನನ್ನ ಮನೆಯವರ ಕೈಯಲ್ಲಿರುವ ಆಪ್ ಮತ್ತು ನನ್ನ ಕೈಯಲ್ಲಿರುವ ಆಪ್ ಒಂದೇ ಆಗಿದ್ದರೆ, ಎಲ್ಲಾದರೂ ಸಿಕ್ಕಿಕೊಂಡಾಗ ಅವರನ್ನು ಕೇಳಿ ದಾರಿ ಕಂಡುಕೊಳ್ಳಬಹುದು. ಬೇರೆಬೇರೆಯಾದರೆ ಆ ದಾರಿಯೂ ಮುಚ್ಚುತ್ತದೆ.

ಇಂದೇ ಒಂದು ಕೆಲಸ ಮಾಡಿ. ಟಾಕ್‌ಬ್ಯಾಕ್ ಹಾಕಿ, ಅದರ ಮೆನುವಿನಲ್ಲಿ ಪರದೆಯನ್ನು ಮರೆಮಾಡುವ ಆಯ್ಕೆ ಒತ್ತಿ, ಕಪ್ಪಾದ ಗಾಜಿನ ಮೇಲೆ ನೀವೇ ಒಂದು ಟಿಕೆಟ್ ಮಾಡಲು ಪ್ರಯತ್ನಿಸಿ. ಐಫೋನ್ ಆದರೆ ವಾಯ್ಸ್‌ಓವರ್ ಹಾಕಿ, ಮೂರು ಬೆರಳಿನಿಂದ ಮೂರು ಬಾರಿ ತಟ್ಟಿದರೆ ಪರದೆ ಕಪ್ಪಾಗುತ್ತದೆ. ಕಣ್ಣು ಮುಚ್ಚಿಕೊಂಡು ಮಾಡಿದರೆ ಸಾಲದು; ಕಷ್ಟವಾದ ಕೂಡಲೇ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಸೇರಿಸಬೇಕೆಂದಿರುವುದು ಮಂದದೃಷ್ಟಿಯವರ ಮಾತು, ಏಕೆಂದರೆ ದೃಷ್ಟಿದೋಷ ಎಂದ ಕೂಡಲೇ ಪೂರ್ಣ ಅಂಧತ್ವವನ್ನಷ್ಟೇ ನೆನೆದು, ಸ್ಕ್ರೀನ್ ರೀಡರ್‌ಗೆ ಬೇಕಾದದ್ದನ್ನು ಮಾಡಿದರೆ ಕೆಲಸ ಮುಗಿಯಿತೆಂದುಕೊಳ್ಳುವ ತಂಡಗಳೇ ಹೆಚ್ಚು. ಸಮೀಪದ ಅಥವಾ ದೂರದ ದೃಷ್ಟಿದೋಷವಿರುವವರು ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಅಷ್ಟಿಷ್ಟು ಕಾಣುತ್ತದೆ. ನಾನು ಅವರಲ್ಲಿ ಒಬ್ಬಳು. ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ನಡುವಿನ ನೋಟ ಉಳಿದು ಸುತ್ತಲಿನದು ಕಳೆದುಹೋಗುತ್ತಾ ಬರುವ ಕಾಯಿಲೆ. ಕೊಳವೆಯೊಳಗಿಂದ ನೋಡಿದಂತೆ ನೋಡುತ್ತೇನೆ.

ಇದರಿಂದ ಏನಾಗುತ್ತದೆ ಎಂದರೆ, ನಾನು "ಮುಂದುವರಿಸಿ" ಎಂಬ ಬಟನ್ ಒತ್ತಿದಾಗ ನನ್ನ ಕಣ್ಣು ಆ ಬಟನ್ ಮೇಲೆಯೇ ಇರುತ್ತದೆ. ತಪ್ಪಿನ ಸಂದೇಶ ಪರದೆಯ ಮೇಲ್ತುದಿಯಲ್ಲಿ ಸಣ್ಣ ಪಟ್ಟಿಯಾಗಿ ಬಂದು ಮೂರು ಸೆಕೆಂಡಿನಲ್ಲಿ ಮಾಯವಾದರೆ, ನನ್ನ ಪಾಲಿಗೆ ಅದು ಬರಲೇ ಇಲ್ಲ. ಪರದೆಯನ್ನು ಹಿಗ್ಗಿಸಿಕೊಂಡು ನೋಡುವವರ ಪಾಡೂ ಇದೇ, ಅವರಿಗೆ ಒಂದು ಸಲಕ್ಕೆ ಪುಟದ ಒಂದು ಮೂಲೆ ಮಾತ್ರ ಕಾಣುತ್ತಿರುತ್ತದೆ. ತಪ್ಪು ಯಾವ ಜಾಗದಲ್ಲಿದೆಯೋ ಅದರ ಪಕ್ಕದಲ್ಲೇ ಸಂದೇಶ ಬರಲಿ, ತಿದ್ದುವವರೆಗೂ ಅಲ್ಲೇ ನಿಲ್ಲಲಿ.

ಅಕ್ಷರದ ಗಾತ್ರದ ಬಗ್ಗೆ: ಪಠ್ಯವನ್ನು 200 ಪ್ರತಿಶತದವರೆಗೆ ಹಿಗ್ಗಿಸಿದರೂ ಯಾವ ಸಂಗತಿಯೂ ಯಾವ ಕೆಲಸವೂ ಕಳೆದುಹೋಗಬಾರದು ಎಂಬುದು ಡಬ್ಲ್ಯೂಸಿಎಜಿ ಎಂಬ, ಅಂಗವಿಕಲರೂ ಬಳಸಬಲ್ಲ ವೆಬ್ ವಿನ್ಯಾಸದ ಅಂತರರಾಷ್ಟ್ರೀಯ ಮಾರ್ಗಸೂಚಿಯ ನಿಯಮ. ಆಂಡ್ರಾಯ್ಡ್ 14ರಿಂದ ಫೋನಿನ ಸೆಟ್ಟಿಂಗ್‌ನಲ್ಲೇ 200 ಪ್ರತಿಶತದವರೆಗೆ ಹೋಗಬಹುದು. ನಿಮ್ಮ ಫೋನಿನಲ್ಲಿ ಅದನ್ನು ತುದಿಗೆ ಎಳೆದು ಆಪ್ ತೆರೆಯಿರಿ. ಬಟನ್‌ಗೆ ನಿಗದಿತ ಎತ್ತರ ಕೊಟ್ಟಿದ್ದರೆ ಅಕ್ಷರಗಳ ತಲೆ, ಬುಡ ಕತ್ತರಿಸಿಹೋಗಿರುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಮೊದಲು ಮಾಯವಾಗುವುದು ಅವೇ. ಎರಡು ಬಸ್ಸುಗಳ ಹೆಸರು ಒಂದೇ ರೀತಿ ಆರಂಭವಾಗಿ, ಉಳಿದ ಭಾಗ ಮೂರು ಚುಕ್ಕಿಯಾಗಿಬಿಟ್ಟರೆ ಯಾವುದು ಯಾವುದೆಂದು ನಾನು ಹೇಗೆ ತಿಳಿಯಲಿ?

ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ಅದನ್ನೂ ನೋಡಿಕೊಳ್ಳಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೂ ಐಕಾನ್‌ಗಳಿಗೂ 3:1 ಇರಬೇಕು. ಬಿಳಿಯ ಮೇಲೆ 767676 ಎಂಬ ಸಂಕೇತದ ಬೂದು ಬಣ್ಣ 4.54:1 ಆಗಿ ಅಂಚಿನಲ್ಲಿ ಪಾರಾಗುತ್ತದೆ. ವಿನ್ಯಾಸಕಾರರು ಸೌಮ್ಯವಾಗಿದೆ ಎಂದು ಇಷ್ಟಪಡುವ, ಇನ್ನೂ ತೆಳುವಾದ 999999 ಬರೀ 2.85:1; ಬಿಸಿಲಿನಲ್ಲಿ ನಿಂತರೆ ಅದು ಒಳ್ಳೆಯ ಕಣ್ಣಿನವರಿಗೂ ಕಾಣುವುದು ಕಷ್ಟ.

ಇನ್ನು ಹಸಿರು, ಕೆಂಪು ಆಸನಗಳು. ಕೆಂಪು ಹಸಿರುಗಳ ವ್ಯತ್ಯಾಸ ತಿಳಿಯದ ವರ್ಣಾಂಧತೆಯೇ ಎಲ್ಲಕ್ಕಿಂತ ಸಾಮಾನ್ಯವಾದದ್ದು, ಅದೂ ಗಂಡಸರಲ್ಲಿ ಹೆಚ್ಚು. ಅವರಲ್ಲಿ ಎಷ್ಟೋ ಜನ ತಮಗೆ ದೃಷ್ಟಿದೋಷ ಇದೆಯೆಂದು ಯಾರಿಗೂ ಹೇಳಿರುವುದಿಲ್ಲ, ನಿಮಗೆ ಪತ್ರವನ್ನೂ ಬರೆಯುವುದಿಲ್ಲ. ಭರ್ತಿಯಾದ ಆಸನದ ಮೇಲೆ ಒಂದು ಅಡ್ಡಗೆರೆ ಎಳೆದರೂ ಸಾಕು, ಬಣ್ಣವೊಂದನ್ನೇ ನಂಬಬೇಕಾದ ಅಗತ್ಯ ತಪ್ಪುತ್ತದೆ.

ಉತ್ತರ 3

ನಾನು ಡೆವಲಪರ್. ಇದೇ ಬಗೆಯ ಆಪ್ ಒಂದರಲ್ಲಿ ಇದೇ ತಪ್ಪುಗಳನ್ನು ನಾವೂ ಮಾಡಿ ತಿದ್ದಿಕೊಂಡಿದ್ದರಿಂದ, ಕೋಡ್‌ಗೆ ಹತ್ತಿರದ ಮಾತುಗಳನ್ನು ಹೇಳುತ್ತೇನೆ.

ಆಸನದ ಸ್ಥಿತಿಯನ್ನು ಲೇಬಲ್‌ನೊಳಗೆ ತುರುಕಬೇಡಿ. "12, ಕಿಟಕಿ ಪಕ್ಕ" ಎಂಬುದು ಕಂಟೆಂಟ್ ಡಿಸ್ಕ್ರಿಪ್ಷನ್ ಆಗಲಿ. ಖಾಲಿ, ಭರ್ತಿ ಎಂಬುದನ್ನು ಆಂಡ್ರಾಯ್ಡ್ 11ರಿಂದ ಇರುವ ಸ್ಟೇಟ್ ಡಿಸ್ಕ್ರಿಪ್ಷನ್‌ನಲ್ಲಿ ಕೊಡಿ. ಸ್ಥಿತಿ ಬದಲಾದಾಗ ಟಾಕ್‌ಬ್ಯಾಕ್ ಬದಲಾದ ಭಾಗವನ್ನಷ್ಟೇ ಹೇಳುತ್ತದೆ. ಲೇಬಲ್‌ನಲ್ಲಿ "ಬಟನ್" ಎಂಬ ಪದವನ್ನೂ ಬರೆಯಬೇಡಿ, ಅದನ್ನು ಸ್ಕ್ರೀನ್ ರೀಡರ್ ತಾನೇ ಸೇರಿಸುತ್ತದೆ. ನೀವೂ ಬರೆದರೆ ಬಳಕೆದಾರರಿಗೆ ಎರಡು ಸಲ ಕೇಳಿಸುತ್ತದೆ. ಬರೀ ಅಲಂಕಾರದ ಚಿತ್ರಗಳಿಗೆ ವಿವರಣೆಯೇ ಬೇಡ. ಪ್ರತಿ ಚಿತ್ರಕ್ಕೂ ಬರೆದೆವು ಎಂದಿದ್ದೀರಿ, ಹಿನ್ನೆಲೆಯ ಬಸ್ಸಿನ ಚಿತ್ರಕ್ಕೂ ಬರೆದಿದ್ದರೆ ಅದನ್ನು ತೆಗೆದು ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುವಂತೆ ಮಾಡಿ. ಬಸ್ಸುಗಳ ಪಟ್ಟಿಯಲ್ಲಿ ಹೊರಡುವ ಸಮಯ, ತಲುಪುವ ಸಮಯ, ದರ ಎಲ್ಲವೂ ಬಿಡಿಬಿಡಿ ಅಂಶಗಳಾಗಿದ್ದರೆ ಒಂದು ಬಸ್ಸನ್ನು ದಾಟಲು ಆರೇಳು ಸ್ವೈಪ್ ಬೇಕು. ಒಂದು ಬಸ್ಸಿನ ಇಡೀ ಕಾರ್ಡನ್ನು ಒಂದೇ ಫೋಕಸ್‌ಗೆ (ಸ್ಕ್ರೀನ್ ರೀಡರ್ ಒಮ್ಮೆಗೆ ನಿಂತು ಓದುವ ಜಾಗಕ್ಕೆ) ಸೇರಿಸಿದರೆ ಒಂದು ಸ್ವೈಪ್‌ಗೆ ಒಂದು ಬಸ್. ಯಾವುದಾದರೂ ನಕ್ಷೆಯನ್ನು ಇಡಿಯಾಗಿ ಕ್ಯಾನ್ವಾಸ್ ಮೇಲೆ, ಅಂದರೆ ಒಂದೇ ಚಿತ್ರವಾಗಿ, ಬಿಡಿಸಿದ್ದರೆ ಅದರೊಳಗಿನ ಆಸನಗಳು ಸ್ಕ್ರೀನ್ ರೀಡರ್‌ಗೆ ಕಾಣುವುದೇ ಇಲ್ಲ, ಅಂಥ ಕಡೆ ಎಕ್ಸ್‌ಪ್ಲೋರ್ ಬೈ ಟಚ್ ಹೆಲ್ಪರ್ ಎಂಬ ಕ್ಲಾಸ್ ಬಳಸಿ ಪ್ರತಿ ಆಸನಕ್ಕೂ ಒಂದು ಕಾಲ್ಪನಿಕ ಅಂಶವನ್ನು ಸೃಷ್ಟಿಸಬೇಕು.

ಸ್ಪರ್ಶದ ಜಾಗ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಘಟಕ) ಇರಲಿ. ಐಫೋನ್‌ನಲ್ಲಿ ಆಪಲ್ ಹೇಳುವುದು 44 ಪಾಯಿಂಟ್.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಆಪ್‌ನಲ್ಲಿರುವ ಅತ್ಯಂತ ದೊಡ್ಡ ತೊಡಕು ಆ ಐದು ನಿಮಿಷ. ಆಸನವನ್ನು ಅನಿರ್ದಿಷ್ಟ ಕಾಲ ಹಿಡಿದಿಡಲಾಗುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ, ಇನ್ನೊಬ್ಬ ಪ್ರಯಾಣಿಕರೂ ಕಾಯುತ್ತಿರುತ್ತಾರೆ. ಆದರೆ ಡಬ್ಲ್ಯೂಸಿಎಜಿ ಇದಕ್ಕೆ ಒಂದು ಮಾರ್ಗವನ್ನು ಹೇಳುತ್ತದೆ: ಅವಧಿ ಮುಗಿಯುವ ಮುನ್ನ ಎಚ್ಚರಿಸಬೇಕು, ಒಂದು ಸರಳ ಕ್ರಿಯೆಯಿಂದ ಅದನ್ನು ಮುಂದೂಡಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಬೇಕು, ಹಾಗೆ ಹತ್ತು ಬಾರಿಯಾದರೂ ಮುಂದೂಡಲು ಅವಕಾಶವಿರಬೇಕು. ನಿಮ್ಮಲ್ಲಿ ಹತ್ತು ಬಾರಿ ಸಾಧ್ಯವಾಗದಿದ್ದರೆ ಆರಂಭದ ಅವಧಿಯನ್ನೇ ಹೆಚ್ಚಿಸಿ, ಮತ್ತು ಪ್ರಯಾಣಿಕರ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆಯನ್ನು ಆಸನ ಹಿಡಿಯುವ ಮೊದಲೇ ಕೇಳಿ. ಗಡಿಯಾರ ಓಡಲು ಶುರುವಾದ ಮೇಲೆ ಉಳಿಯುವುದು ಪಾವತಿಯೊಂದೇ ಆಗಿರಲಿ. ಅವಧಿ ಮೀರಿದರೂ ತುಂಬಿದ ವಿವರ ಅಳಿಸಿಹೋಗಬಾರದು.

ಆ ಗಡಿಯಾರವನ್ನು ಲೈವ್ ರೀಜನ್ (ಬದಲಾದಾಗಲೆಲ್ಲ ಸ್ಕ್ರೀನ್ ರೀಡರ್ ತಾನಾಗಿ ಓದುವ ಭಾಗ) ಮಾಡುವ ತಪ್ಪನ್ನು ಮಾತ್ರ ಮಾಡಬೇಡಿ. ನಾವು ಮಾಡಿದ್ದೆವು. ಪ್ರತಿ ಸೆಕೆಂಡಿಗೊಮ್ಮೆ "4 ನಿಮಿಷ 12 ಸೆಕೆಂಡು, 4 ನಿಮಿಷ 11 ಸೆಕೆಂಡು" ಎಂದು ಹೇಳುತ್ತಾ, ಬಳಕೆದಾರರು ಬೇರೇನನ್ನೂ ಕೇಳಿಸಿಕೊಳ್ಳಲಾಗದಂತೆ ಮಾಡಿಬಿಟ್ಟೆವು. ಎರಡು ನಿಮಿಷ ಉಳಿದಾಗ ಒಮ್ಮೆ, ಒಂದು ನಿಮಿಷ ಉಳಿದಾಗ ಒಮ್ಮೆ ಹೇಳಿದರೆ ಸಾಕು. ತಾನಾಗಿ ಮಾಯವಾಗುವ ಸಂದೇಶಗಳಿಗೆ, ಬಳಕೆದಾರರು ಫೋನಿನಲ್ಲಿ ಎಷ್ಟು ಸಮಯ ಬೇಕೆಂದು ಆರಿಸಿಕೊಂಡಿದ್ದಾರೋ ಅದನ್ನು ಆಂಡ್ರಾಯ್ಡ್ 10ರಿಂದ ವ್ಯವಸ್ಥೆಯನ್ನೇ ಕೇಳಿ ತಿಳಿಯಬಹುದು.

ಪಾವತಿಯ ಪುಟ ವೆಬ್ ವ್ಯೂನಲ್ಲಿದ್ದರೆ, ಅಂದರೆ ಆಪ್ ಒಳಗೆ ತೆರೆಯುವ ವೆಬ್ ಪುಟವಾಗಿದ್ದರೆ, ಅಲ್ಲಿನ ಲೇಬಲ್‌ಗಳು ಎಚ್‌ಟಿಎಂಎಲ್‌ನಲ್ಲೇ ಇರಬೇಕು, ಆಪ್‌ನ ಕಡೆಯಿಂದ ಸರಿಪಡಿಸಲಾಗದು. ಒಟಿಪಿಗೆ ಆರು ಪ್ರತ್ಯೇಕ ಚೌಕಗಳನ್ನು ಇಟ್ಟಿದ್ದರೆ ಒಂದೇ ಚೌಕ ಮಾಡಿ, ಅಂಟಿಸಲು ಬಿಡಿ, ಬಂದ ಸಂದೇಶದಿಂದ ತಾನಾಗಿ ತುಂಬಿಕೊಳ್ಳಲು ಬಿಡಿ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2, ಗುರುತಿನ ದೃಢೀಕರಣದಲ್ಲಿ ಅಂಟಿಸುವಂಥ ನೆರವನ್ನು ತಡೆದು ನೆನಪಿನಿಂದಲೇ ಬರೆಯುವಂತೆ ಮಾಡಬಾರದು ಎಂಬ ನಿಯಮವನ್ನೂ ಸೇರಿಸಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಪ್ರತ್ಯೇಕ ಆಪ್‌ನ ಯೋಚನೆಯನ್ನು ಕೈಬಿಟ್ಟಿದ್ದೇವೆ. ಮೊದಲ ಉತ್ತರದಲ್ಲಿ ಹೇಳಿದಂತೆ ಪರದೆ ಮರೆಮಾಡಿ ನಾನು, ನಮ್ಮ ವಿನ್ಯಾಸಕಾರರು ಇಬ್ಬರೂ ಟಿಕೆಟ್ ಮಾಡಲು ಕುಳಿತೆವು. ಇಬ್ಬರಿಗೂ ಆಗಲಿಲ್ಲ. ಪುಟದಲ್ಲಿ ಎಲ್ಲಿ ಏನಿದೆ ಎಂದು ನಮಗೆ ಮೊದಲೇ ಗೊತ್ತಿದ್ದೂ ಆಗಲಿಲ್ಲ.

ಹೊಸದಾಗಿ ಕಂಡ ಒಂದು ದೋಷವಿದೆ: ಒಂದು ಆಸನ ಆರಿಸಿದ ಕೂಡಲೇ ಫೋಕಸ್ ಪುಟದ ಮೊದಲಿಗೆ ಹಾರಿಬಿಡುತ್ತದೆ. 31ನೇ ಆಸನ ಆರಿಸಿ ಅದರ ಪಕ್ಕದ್ದೂ ಬೇಕೆಂದರೆ ಮತ್ತೆ ಒಂದರಿಂದ ನಡೆದು ಬರಬೇಕು. ಇಪ್ಪತ್ತು ನಿಮಿಷದ ಬಹುಭಾಗ ಇಲ್ಲೇ ಹೋಗಿರಬೇಕೆಂದು ತೋರುತ್ತದೆ. ಹೀಗೇಕಾಗುತ್ತದೆ? ಇನ್ನೊಂದು ಮಾತು: ಲೇಬಲ್ ಎಷ್ಟು ಉದ್ದವಿರಬಹುದು? ಆಸನದ ಬಗ್ಗೆ ಹೇಳಬೇಕಾದದ್ದು ಬಹಳವಿದೆ.

ಉತ್ತರ 3 ಬರೆದವರಿಂದ

ಪ್ರತಿ ಆಯ್ಕೆಗೂ ನೀವು ಇಡೀ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತಿರಬೇಕು. ಹಳೆಯ ಅಂಶ ನಾಶವಾದಾಗ ಅದರ ಮೇಲಿದ್ದ ಫೋಕಸ್‌ಗೆ ನಿಲ್ಲಲು ಜಾಗವಿಲ್ಲದೆ ಮೊದಲಿಗೆ ಹೋಗುತ್ತದೆ. ಬದಲಾದ ಆಸನವೊಂದನ್ನೇ ನವೀಕರಿಸಿ, ಪ್ರತಿ ಆಸನಕ್ಕೂ ಬದಲಾಗದ ಗುರುತಿನ ಸಂಖ್ಯೆ ಕೊಡಿ. ಡೈಲಾಗ್ (ಪುಟದ ಮೇಲೆ ತೆರೆಯುವ ಸಣ್ಣ ಕಿಟಕಿ) ಮುಚ್ಚಿದಾಗಲೂ ಇದನ್ನೇ ನೋಡಿಕೊಳ್ಳಿ: ಯಾವ ಬಟನ್‌ನಿಂದ ಡೈಲಾಗ್ ತೆರೆಯಿತೋ ಫೋಕಸ್ ಅಲ್ಲಿಗೇ ಮರಳಬೇಕು.

ಉತ್ತರ 1 ಬರೆದವರಿಂದ

ನೀವಿಬ್ಬರೂ ಕುಳಿತು ಪ್ರಯತ್ನಿಸಿದ್ದಕ್ಕೆ ಸಂತೋಷವಾಯಿತು. ಉದ್ದದ ಬಗ್ಗೆ ಹೇಳುವುದಾದರೆ, ಪದಗಳ ಲೆಕ್ಕಕ್ಕಿಂತ ಅವುಗಳ ಕ್ರಮ ಮುಖ್ಯ. ಸ್ಕ್ರೀನ್ ರೀಡರ್‌ಗೆ ಪಳಗಿದವರು ಮೊದಲ ಒಂದೆರಡು ಪದ ಕೇಳಿ, ತಮಗೆ ಬೇಡದ್ದಾದರೆ ಅರ್ಧಕ್ಕೇ ಮುಂದಕ್ಕೆ ಸ್ವೈಪ್ ಮಾಡುತ್ತಾರೆ. ಆದ್ದರಿಂದ ಒಂದು ಆಸನವನ್ನು ಇನ್ನೊಂದರಿಂದ ಬೇರೆ ಮಾಡುವ ಸಂಗತಿ ಮುಂದಿರಲಿ. "ಆಸನ ಸಂಖ್ಯೆ" ಎಂಬ ಎರಡು ಪದಗಳನ್ನು ನಲವತ್ತು ಸಲ ಕೇಳುವುದಕ್ಕಿಂತ ನೇರವಾಗಿ "12" ಎಂದು ಕೇಳುವುದು ಎಷ್ಟೋ ಹಿತ. "ಆರಿಸಲು ಎರಡು ಬಾರಿ ತಟ್ಟಿ" ಎಂದೂ ಬರೆಯಬೇಡಿ, ಅದನ್ನು ಟಾಕ್‌ಬ್ಯಾಕ್ ತಾನೇ ಹೇಳುತ್ತದೆ. ಬ್ರೈಲ್ ಡಿಸ್‌ಪ್ಲೇ (ಪಠ್ಯವನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ತೋರಿಸುವ ಸಾಧನ) ಜೋಡಿಸಿಕೊಂಡು ಓದುವವರನ್ನೂ ನೆನಪಿಡಿ. ಅವರಲ್ಲಿ ಕಿವಿಯೂ ಕೇಳದವರಿದ್ದಾರೆ. ಅವರ ಬೆರಳಿನಡಿ ಒಂದು ಸಲಕ್ಕೆ ಹದಿನಾಲ್ಕೋ ಇಪ್ಪತ್ತೋ ನಲವತ್ತೋ ಕೋಶಗಳಷ್ಟೇ ಇರುತ್ತವೆ, ಉದ್ದನೆಯ ಲೇಬಲ್ ಅವರಿಗೆ ತುಂಡುತುಂಡಾಗಿ ಬರುತ್ತದೆ. ಹೆಚ್ಚಿನ ವಿವರವನ್ನು ಆಸನ ಆರಿಸಿದ ಮೇಲೆ ಪುಟದ ಕೆಳಗೆ ಬರುವ ಸಾರಾಂಶದಲ್ಲಿ ಹೇಳಿ.

ನಿಮ್ಮ ಲೇಬಲ್‌ಗಳು ಕನ್ನಡದಲ್ಲಿದ್ದು ಫೋನಿನ ಭಾಷೆ ಬೇರೆಯಾಗಿದ್ದರೆ ಇನ್ನೊಂದು ತೊಂದರೆ ಎದುರಾಗಬಹುದು: ಕನ್ನಡ ಬಾರದ ಧ್ವನಿಯೊಂದು ಆ ಅಕ್ಷರಗಳನ್ನು ತಪ್ಪಾಗಿ ಓದುತ್ತದೆ ಅಥವಾ ಓದದೆಯೇ ಬಿಡುತ್ತದೆ. ಪಠ್ಯ ಯಾವ ಭಾಷೆಯದೆಂದು ಕೋಡ್‌ನಲ್ಲಿ ಗುರುತಿಸಿದರೆ, ಫೋನಿನಲ್ಲಿ ಆ ಭಾಷೆಯ ಧ್ವನಿ ಇದ್ದಾಗ ಸ್ಕ್ರೀನ್ ರೀಡರ್ ಅದಕ್ಕೆ ಬದಲಾಯಿಸಿಕೊಳ್ಳಬಲ್ಲದು.

ಕೊನೆಯದಾಗಿ, ನಿಮಗೆ ಎರಡು ಸಲ ಪತ್ರ ಬರೆದ ಆ ಪ್ರಯಾಣಿಕರನ್ನು ಕೇಳಿ ನೋಡಿ. ಒಪ್ಪಿದರೆ ಬಿಡುಗಡೆಗೆ ಮುಂಚಿನ ಆವೃತ್ತಿಯನ್ನು ಅವರಿಗೆ ಕೊಟ್ಟು, ಅವರು ಬಳಸುವಾಗ ಮಧ್ಯೆ ಮಾತನಾಡದೆ ಕೇಳಿಸಿಕೊಳ್ಳಿ, ಮತ್ತು ಆ ಸಮಯಕ್ಕೆ ಬೇರೆ ಪರೀಕ್ಷಕರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಉಪಕಾರಕ್ಕೆಂದು ಮಾಡಿಸಿಕೊಳ್ಳುವ ಕೆಲಸ ಅದಲ್ಲ.

ಪ್ರಶ್ನೆ ಕೇಳಿದವರಿಂದ

ಫೋಕಸ್ ಹಾರುವ ದೋಷ ಇಂದು ಸರಿಹೋಯಿತು, ಕಾರಣ ನೀವು ಹೇಳಿದ್ದೇ ಆಗಿತ್ತು. ಪ್ರಯಾಣಿಕರ ವಿವರವನ್ನು ಆಸನಕ್ಕಿಂತ ಮುಂಚೆ ಕೇಳುವ ಬದಲಾವಣೆಗೆ ಒಪ್ಪಿಗೆ ಸಿಕ್ಕಿದೆ; ಅವಧಿಯನ್ನು ಹತ್ತು ನಿಮಿಷಕ್ಕೆ ಏರಿಸಿ, ಎಚ್ಚರಿಕೆ ಕೊಟ್ಟು ಮುಂದೂಡಲು ಬಿಡುವುದಕ್ಕೂ ಒಪ್ಪಿದ್ದಾರೆ. ಎಸ್ಪ್ರೆಸೊ ಎಂಬ ಸಾಧನದ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಆಕ್ಸೆಸಿಬಿಲಿಟಿ ತಪಾಸಣೆಯನ್ನು ಆನ್ ಮಾಡಿದ್ದೇವೆ, ಮುಂದೆ ಯಾರಾದರೂ ಹೆಸರಿಲ್ಲದ ಬಟನ್ ಸೇರಿಸಿದರೆ ಪರೀಕ್ಷೆಯೇ ವಿಫಲವಾಗುತ್ತದೆ. ಆ ಪ್ರಯಾಣಿಕರಿಗೆ ನಿನ್ನೆ ಫೋನ್ ಮಾಡಿದ್ದೆ. ಪರೀಕ್ಷಿಸಲು ಒಪ್ಪಿದ್ದಾರೆ. ಪಾವತಿಯ ಪುಟದಿಂದಲೇ ಶುರು ಮಾಡೋಣ, ಅದನ್ನು ತಾವಿನ್ನೂ ಪೂರ್ತಿ ಕೇಳಿಯೇ ಇಲ್ಲ ಎಂದರು.